ಸ್ಕೌಟ್ ಟ್ರೂಪಿನ ನೀರಿನ ಸುರಕ್ಷತೆ ಟ್ರೈನಿಂಗ್: ಶೀಟಲ್ಲಿ "ಆಯ್ತು" ಅಂತಿದೆ, ಏನಾಯ್ತು, ಯಾವಾಗ ಆಯ್ತು?

ಟ್ರೂಪ್_ಅಮ್ಮ · ಮೇ 8, 2025

ಎಲ್ರಿಗೂ ನಮಸ್ಕಾರ. ನ್ಯೂಜೆರ್ಸಿಯಿಂದ ಬರೀತಿದೀನಿ. 2023ರಲ್ಲಿ ಮಗನ್ನ ಸ್ಕೌಟ್ ಮೀಟಿಂಗಿಗೆ ಬಿಟ್ಟು ಕಾರಲ್ಲಿ ಕೂತು ಊರಿಗೆ ಫೋನ್ ಮಾಡ್ತಿದ್ದೋಳನ್ನ ಕಿಟಕಿ ತಟ್ಟಿ ಕರ್ಕೊಂಡು ಹೋಗಿ ಕಮಿಟಿಗೆ ಸೇರ್ಸಿದ್ರು, ಈ ಏಪ್ರಿಲ್‌ನಿಂದ ಟ್ರೈನಿಂಗ್ ಚೇರ್ (ದೊಡ್ಡೋರ ಟ್ರೈನಿಂಗ್ ಲೆಕ್ಕ ನೋಡ್ಕೊಳ್ಳೋರು) ಅಂತ ಪಟ್ಟ ಬೇರೆ ಕಟ್ಟಿದಾರೆ.

ಮೆಮೋರಿಯಲ್ ಡೇ ವೀಕೆಂಡಿಗೆ, ಅಂದ್ರೆ ಮೇ 24ಕ್ಕೆ, ಡೆಲವೇರ್ ನದೀಲಿ ಕನೂ (ಹುಟ್ಟು ಹಾಕೋ ಸಣ್ಣ ದೋಣಿ) ಟ್ರಿಪ್ ಇದೆ. 14 ಮಕ್ಕಳು, 6 ಜನ ದೊಡ್ಡೋರು. ನನಗೆ ಹಳೇ ಚೇರ್ ಕೈಗಿಟ್ಟಿರೋದು ಒಂದು ಗೂಗಲ್ ಶೀಟ್. ಅದ್ರಲ್ಲಿ ಮೂರು ಕಾಲಂ: ಸೇಫ್ ಸ್ವಿಮ್ ಡಿಫೆನ್ಸ್, ಸೇಫ್ಟಿ ಅಫ್ಲೋಟ್, ಸಿಪಿಆರ್ (ಹೃದಯ ನಿಂತೋರಿಗೆ ಎದೆ ಒತ್ತಿ ಮಾಡೋ ತುರ್ತು ಚಿಕಿತ್ಸೆ). ಕೆಲವ್ರ ಮುಂದೆ ಟಿಕ್, ಕೆಲವ್ರ ಮುಂದೆ "ಯೆಸ್", ಒಬ್ರ ಮುಂದೆ "ಡನ್ ಐ ಥಿಂಕ್" ಅಂತ ಇದೆ (ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ), ಟ್ರಿಪ್ ಲೀಡ್ ಮಾಡೋ ಅಪ್ಪನ ಮುಂದೆ ಮಾತ್ರ ಸೇಫ್ಟಿ ಅಫ್ಲೋಟ್ ಕಾಲಮ್ಮಲ್ಲಿ ತಾರೀಖಿದೆ, 05/06/2023. ಇದು ಸಾಲ್ದು ಅಂತ ಹೋದ ವಾರ ನಮ್ಮ ಕೌನ್ಸಿಲ್ಲಿನ (ಈ ಕಡೆಯ ಟ್ರೂಪುಗಳನ್ನೆಲ್ಲ ನೋಡ್ಕೊಳ್ಳೋ ಸ್ಕೌಟ್ ಆಫೀಸು) ಟ್ರೈನಿಂಗ್ ನೋಡ್ಕೊಳ್ಳೋರಿಂದ ಮೇಲ್ ಬಂತು: ಈ ಬೇಸಿಗೆಯಿಂದ ನೀರಿನ ಚಟುವಟಿಕೆಗೆ ಬರೋ ಸಿಪಿಆರ್‌ನೋರು ಉಸಿರು ಕೊಡೋದನ್ನೂ ಕಲ್ತಿರ್ಬೇಕು, ಬೊಂಬೆ ಮೇಲೆ ಕೈಯಾರೆ ಮಾಡಿ ತೋರ್ಸಿರ್ಬೇಕು, ಬರೀ ಆನ್‌ಲೈನ್ ಸರ್ಟಿಫಿಕೇಟ್ ನಡೆಯಲ್ಲ ಅಂತ. ನಮ್ಮ ಶೀಟಲ್ಲಿ ಟಿಕ್ ಇದೆ. ಟಿಕ್ಕಿಗೆ ಬಾಯಿ ಇಲ್ಲ, ಯಾವ ಸಿಪಿಆರ್ ಅಂತ ಹೇಳಲ್ಲ.

ಎಲ್ಲಾ ಅಳಿಸಿ ಹೊಸದಾಗಿ ಶುರು ಮಾಡ್ಲಾ? ಅಥವಾ ಹಳೇ ಕಾಲಂ ಮೇಲೇ ಹೊಸ ರೂಲ್ ಹೆಸ್ರು ಬರೀಲಾ? ಇಲ್ಲಿ ಸ್ಕೌಟಿಂಗಲ್ಲಿ ಓಡಾಡ್ತಿರೋರು ಇದೀರ ಅಂತ ಗೊತ್ತು, ದಯವಿಟ್ಟು ಹೇಳಿ.

ಹಳೇ_ಕ್ಯಾಂಪರ್ · ಮೇ 8

ಮೊದ್ಲು ಡಿಲೀಟ್ ಬಟನ್ನಿಂದ ಕೈ ತೆಗೀರಿ ಮೇಡಂ. ಏನೂ ಅಳಿಸ್ಬೇಡಿ.

ನಾನು ಡಲ್ಲಾಸ್ ಕಡೆ, ಮಗ ಈಗಲ್ (ಸ್ಕೌಟಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ) ಆಗಿ ಕಾಲೇಜಿಗೆ ಹೋಗಿ ಆಯ್ತು, ನಾನು ಇನ್ನೂ ಇಲ್ಲೇ ಟೆಂಟ್ ಮಡಿಸ್ಕೊಂಡು ಇದೀನಿ. ಹೊಸಬ್ರಿಗೆ ಅಂತ ಬೇಸಿಕ್ ಹೇಳ್ಬಿಡ್ತೀನಿ. ಈಜಿಗೆ ಸೇಫ್ ಸ್ವಿಮ್ ಡಿಫೆನ್ಸ್, ಅದ್ರಲ್ಲಿ 8 ಅಂಶ. ದೋಣಿ, ಕನೂ, ಕಯಾಕ್ ಅಂದ್ರೆ ಸೇಫ್ಟಿ ಅಫ್ಲೋಟ್, ಅದ್ರಲ್ಲಿ 9. ಎರಡರಲ್ಲೂ ಮೊದಲನೇ ಅಂಶ ಒಂದೇ, ಅರ್ಹ ಮೇಲ್ವಿಚಾರಣೆ. 21 ವರ್ಷ ದಾಟಿದ, ಆ ಟ್ರೈನಿಂಗ್ ಎರಡು ವರ್ಷದೊಳಗೆ ಮಾಡಿರೋ ಒಬ್ರು ಜವಾಬ್ದಾರಿ ಹೊತ್ತು ಅಲ್ಲಿರ್ಬೇಕು. ಬಡ್ಡಿ ಸಿಸ್ಟಮ್ಮು (ಇಬ್ಬಿಬ್ರು ಜೋಡಿಯಾಗಿ ಒಬ್ರನ್ನೊಬ್ರು ನೋಡ್ಕೊಳ್ಳೋದು), ಲೈಫ್ ಜಾಕೆಟ್ಟು, 10 ಜನಕ್ಕೆ ಒಬ್ಬ ಗಾರ್ಡು, ಇವೆಲ್ಲ ನದಿ ದಂಡೇಲಿ ಕಣ್ಣಿಗೆ ಕಾಣ್ಸುತ್ತೆ. ಈ ಮೊದಲ್ನೇ ಅಂಶ ಮಾತ್ರ ದಂಡೇಲಿ ಕಾಣ್ಸಲ್ಲ, ಅದು ಇರೋದು ನಿಮ್ಮ ಶೀಟಲ್ಲಿ. ಅದಕ್ಕೇ ನಿಮ್ಮ ಕೆಲ್ಸ ಗುಮಾಸ್ತಗಿರಿ ಅಂತ ಯಾರಾದ್ರೂ ಅಂದ್ರೆ ತಲೆ ಕೆಡಿಸ್ಕೋಬೇಡಿ.

ಕಾಗದದ ಮೇಲೆ ಒಬ್ರು ಸಾಕು ಅಂತಾದ್ರೂ ಕನಿಷ್ಠ ಮೂರು ಜನಕ್ಕೆ ಮಾಡ್ಸಿಡಿ. ಆ ಒಬ್ರಿಗೆ ಶುಕ್ರವಾರ ರಾತ್ರಿ ಜ್ವರ ಬಂದೇ ಬರುತ್ತೆ, ನಾನು ನೋಡಿದೀನಿ.

ಧಾರವಾಡ_ಡೇಟಾ · ಮೇ 9

ಅಕ್ಕಾರ, ನಾ ಡೇಟಾಬೇಸ್ ಕೆಲ್ಸದಾಂವ, ಹಂಗಾಗಿ ಇದು ನನ್ನ ರೊಟ್ಟಿ. ನಿಮ್ಮ ಶೀಟಿನ ರೋಗ ಏನಂದ್ರ ಎರಡು ಬ್ಯಾರೆ ಬ್ಯಾರೆ ಸಂಗತಿ ಒಂದ ಡಬ್ಬ್ಯಾಗ ತುರುಕ್ಯಾರ. ಯಾರು ಯಾವಾಗ ಏನು ಕಲ್ತ್ರು, ಅದು ಒಂದು. ಇವತ್ತ ನದಿಗೆ ಇಳೀಲಿಕ್ಕೆ ಏನು ಬೇಕು, ಅದು ಇನ್ನೊಂದು. ಮೊದಲನೇದು ನಡದು ಹೋಗೇತಿ, ಯಾವ ರೂಲ್ ಬಂದ್ರೂ ಬದಲಾಗೂದಿಲ್ಲ. ಎರಡನೇದು ವರ್ಷಕ್ಕೊಮ್ಮೆ ಬದಲಾಗಬಹುದು.

ಊರಾಗ ಹೊಲದ ಕಾಗದ ನೋಡೀರಲ್ಲ? ಪಹಣಿ ಅಂದ್ರ ಇವತ್ತಿನ ಸ್ಥಿತಿ. ಆದ್ರ ಅಜ್ಜನಿಂದ ಅಪ್ಪಗ, ಅಪ್ಪನಿಂದ ಅಣ್ತಮ್ಮರಿಗೆ ಹೆಂಗ ಬಂತು ಅಂತ ಕೇಳಿದ್ರ ಮ್ಯುಟೇಶನ್ ರಿಜಿಸ್ಟರ್ ತಗೀಬೇಕು. ಅದ್ರಾಗ ಯಾವುದೂ ಹೊಡದು ಹಾಕೂದಿಲ್ಲ, ಕೆಳಗ ಹೊಸಾ ಸಾಲು ಬರೀತಾರ. ನಿಮ್ಮ ಹಿಂದಿನ ಚೇರ್ ಬರೇ ಪಹಣಿ ಇಟ್ಟು ರಿಜಿಸ್ಟರ್ ಸುಟ್ಟಾರ, ಅಷ್ಟ.

ಎರಡು ಹಾಳಿ ಮಾಡ್ರಿ. ಒಂದರ ಹೆಸರು "ಆದದ್ದು". ಒಬ್ರು ಒಂದು ಕೋರ್ಸ್ ಮುಗಿಸಿದ್ರ ಒಂದು ಸಾಲು: ಹೆಸರು, ಮೆಂಬರ್ ನಂಬರ್, ಸರ್ಟಿಫಿಕೇಟಿನ್ಯಾಗ ಹೆಂಗೈತಿ ಹಂಗ ಕೋರ್ಸಿನ ಪೂರ್ತಿ ಹೆಸರು, ಕೋಡ್ ಇದ್ರ ಕೋಡ್, ಮುಗಿಸಿದ ತಾರೀಖು, ಆನ್‌ಲೈನೋ ಎದುರಾ ಎದುರು ಕುಂತು ಕಲ್ತಿದ್ದೋ, ಕಾಗದ ಎಲ್ಲೈತಿ. ಮತ್ತ ಮಾಡಿದ್ರ ಹಳೇ ಸಾಲು ಮುಟ್ಟಬ್ಯಾಡ್ರಿ, ಹೊಸಾದು ಹಾಕ್ರಿ. ಇನ್ನೊಂದು ಹಾಳಿ "ಬೇಕಾದದ್ದು": ಯಾವ ಚಟುವಟಿಕೆಗೆ ಯಾವ ಕೋರ್ಸ್, ಎಷ್ಟು ವರ್ಷ ನಡೀತದ, ಈ ರೂಲ್ ಯಾವ ತಾರೀಖಿನಿಂದ ಜಾರಿ, ನಮಗ ಯಾರು ಹೇಳಿದ್ರು. ನಿಮ್ಮ ಸಿಪಿಆರ್ ಮೇಲ್ ಬಂತಲ್ಲ, ಅದು ಈ ಎರಡನೇ ಹಾಳಿಗೆ ಒಂದು ಹೊಸಾ ಸಾಲು. ಮೊದಲ್ನೇ ಹಾಳ್ಯಾಗ ಒಂದಕ್ಷರನೂ ಬದಲಾಗೂದಿಲ್ಲ.

ಮತ್ತ ಎಕ್ಸ್‌ಪೈರಿ ತಾರೀಖು ಕೈಲೆ ಬರೀಬ್ಯಾಡ್ರಿ. ಲೆಕ್ಕ ಹಾಕಿ ಬರೂವಂಗ ಫಾರ್ಮುಲಾ ಇಡ್ರಿ. ನಾಳೆ ಎರಡು ವರ್ಷ ಇದ್ದದ್ದು ಒಂದು ವರ್ಷ ಅಂದ್ರ ಒಂದು ಕಡೆ ತಿದ್ದಿದ್ರ ಸಾಕು, ಅರವತ್ತು ಕಡೆ ಅಲ್ಲ.

ಕುಂದಾಪ್ರ_ನರ್ಸ್ · ಮೇ 9

ಡೇಟಾ ಅವ್ರು ಹೇಳಿದ್ದು ಬಹಳ ಚೆಂದ, ಒಂದು ತಿದ್ದುಪಡಿ. ಸಿಪಿಆರ್ ಕಾರ್ಡಲ್ಲಿ ಎಕ್ಸ್‌ಪೈರಿ ಪ್ರಿಂಟ್ ಆಗಿಯೇ ಬರ್ತದೆ ಮಾರಾಯ್ರೆ. ಅದನ್ನ ಲೆಕ್ಕ ಹಾಕಬೇಡಿ, ಕಾರ್ಡಲ್ಲಿ ಇದ್ದಂಗೇ ಬರೀರಿ. ಅದು ಕೊಟ್ಟ ಸಂಸ್ಥೆಯ ಮಾತು, ನಮ್ಮ ಶೀಟಿನ ಮಾತಲ್ಲ.

ಕೌನ್ಸಿಲ್‌ನೋರು ಉಸಿರು ಕೊಡೋದು ಯಾಕೆ ಕೇಳ್ತಾರೆ ಅಂತ ಬರೀತೇನೆ, ಇದು ಕಾಗದದ ಕಿರಿಕಿರಿ ಅಂತ ಯಾರೂ ತಿಳ್ಕೊಳ್ಬಾರ್ದು. 2008ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ರಸ್ತೇಲಿ ದಿಢೀರ್ ಕುಸಿದು ಬಿದ್ದ ದೊಡ್ಡೋರಿಗೆ ಬರೀ ಎದೆ ಒತ್ತಿದ್ರೂ ಆಯ್ತು ಅಂತ ಹೇಳ್ತು. 2010ರಲ್ಲಿ ಕ್ರಮವೇ ತಿರುಗಿತು, ಮೊದಲು ಗಾಳಿದಾರಿ, ಉಸಿರು, ಆಮೇಲೆ ಎದೆ ಅಂತ ಇದ್ದದ್ದು ಎದೆ ಮೊದಲು ಅಂತಾಯ್ತು. ಜನರ ತಲೇಲಿ ಉಳಿದದ್ದು ಒಂದೇ, ಬಾಯಿ ಬೇಡ ಕೈ ಸಾಕು. ಆದ್ರೆ ಮುಳುಗಿದವರ ಕತೆ ಬೇರೆ. ಅವ್ರ ಹೃದಯ ನಿಂತದ್ದು ಹೃದಯದ ದೋಷದಿಂದ ಅಲ್ಲ, ಆಮ್ಲಜನಕ ಇಲ್ಲದೆ. ರಕ್ತದಲ್ಲಿ ಆಮ್ಲಜನಕವೇ ಇಲ್ಲ ಅಂದ್ಮೇಲೆ ಬರೀ ಒತ್ತಿ ಅದೇ ರಕ್ತ ಸುತ್ತಿಸಿದ್ರೆ ಏನು ಬಂತು? 2024ರ ನವೆಂಬರಲ್ಲಿ ಅದೇ ಸಂಸ್ಥೆ ಮತ್ತೆ ಮಕ್ಕಳ ವೈದ್ಯರ ಅಕಾಡೆಮಿ ಸೇರಿ ಮುಳುಗುವಿಕೆಗಂತಲೇ ಪರಿಷ್ಕೃತ ಮಾರ್ಗಸೂಚಿ ತಂದ್ರು, ಉಸಿರು ಸಮೇತ ಸಿಪಿಆರ್ ಬೇಕು, ತರಬೇತಿ ಆದವರು ಉಸಿರಿಂದಲೇ ಶುರು ಮಾಡಬಹುದು ಅಂತ.

ಈಗ ನೀವೇ ಹೇಳಿ, 2023ರಲ್ಲಿ ಕಂಪ್ಯೂಟರ್ ಮುಂದೆ ಅರ್ಧ ಗಂಟೆ ಕೂತು ಕೈ ಮಾತ್ರ ಕಲ್ತ ಮನುಷ್ಯನಿಗೂ, ಬೊಂಬೆ ಮೇಲೆ 30 ಸಲ ಒತ್ತಿ 2 ಸಲ ಊದಿ ಬೆವರು ಸುರಿಸಿದ ಮನುಷ್ಯನಿಗೂ ನಿಮ್ಮ ಶೀಟಲ್ಲಿ ಒಂದೇ ಟಿಕ್. ಊದುವಾಗ ಬೊಂಬೆಯ ಎದೆ ಏಳ್ಬೇಕು, ತಲೆ ಸರಿಯಾಗಿ ಹಿಂದೆ ವಾಲಿಸದಿದ್ರೆ ಏಳುದಿಲ್ಲ, ಮೊದಲ ಸಲ ಯಾರದ್ದೂ ಏಳುದಿಲ್ಲ. ವೀಡಿಯೋ ನೋಡಿದವನಿಗೆ ಅದು ಗೊತ್ತಾಗುದು ಹೇಗೆ?

ಮಂಡ್ಯದ_ಮೀನು · ಮೇ 9

ಶೀಟ್ ವಿಷ್ಯ ನಂಗೆ ತಿಳೀನಾರ್ದು, ಆದ್ರೆ ಈಜೋ ಟೆಸ್ಟ್ ಬಗ್ಗೆ ಒಂದ್ ಕತೆ ಹೇಳ್ತೀನಿ ಕೇಳಿ. ನಾನು ಎಂಟು ವರ್ಷಕ್ಕೇ ಸೊಂಟಕ್ಕೆ ಸೋರೆಬುರುಡೆ ಕಟ್ಕಂಡು ಬಾವೀಗೆ ಬಿದ್ದೋನು, ಆಮೇಲೆ ವಿಸಿ ನಾಲೇಲಿ ಎಮ್ಮೆ ಜೊತೆ ಈಜಿದೋನು. ಇಲ್ಲಿ ಸ್ಕೌಟ್ ಕ್ಯಾಂಪಲ್ಲಿ ಅಪ್ಪಂದಿರಿಗೂ ಟೆಸ್ಟ್ ಅಂದ್ರು, ನಕ್ಕೆ. ಆಳದ ನೀರಿಗೆ ಕಾಲು ಮುಂದ್ಮಾಡಿ ಹಾರ್ಬೇಕು, 75 ಗಜ ಗಟ್ಟಿಯಾಗಿ ಈಜ್ಬೇಕು, ಆಮೇಲೆ 25 ಗಜ ಅಂಗಾತ ಆರಾಮಾಗಿ ಈಜ್ಬೇಕು, ಕೊನೇಗೆ ಸುಮ್ನೆ ತೇಲ್ಬೇಕು. 75 ಗಜ ಸರಾಗ ಹೋದೆ. ಅಂಗಾತ ತಿರುಗ್ದೆ ನೋಡಿ, ಕಾಲು ಕಲ್ಲು ಕಟ್ದಂಗೆ ಕೆಳಕ್ಕೋಯ್ತು. ಬಾವೀಲಿ ಅಂಗಾತ ಯಾರ್ ಈಜ್ತಾರೆ ಸ್ವಾಮಿ, ಮೇಲಿಂದ ಇನ್ನೊಬ್ಬ ಧುಮುಕ್ತಾನೆ ಎದೆ ಮೇಲೆ! ಪಕ್ಕದಲ್ಲೇ ನನ್ ಮಗ, "ಪಪ್ಪಾ ಹೊಟ್ಟೆ ಮೇಲೆತ್ತು" ಅಂತ ಕೂಗ್ತಾವ್ನೆ. "ಬಿಗಿನರ್" ಅಂತ ಬರ್ದು ಬಣ್ಣದ ಟ್ಯಾಗ್ ಕೊಟ್ಟು ಕಳ್ಸಿದ್ರು, ನಲವತ್ಮೂರ್ ವರ್ಷದ ಗಂಡ್ಸಿಗೆ.

ಹೇಳೋಕ್ ಬಂದಿದ್ದು ಏನಂದ್ರೆ, ಈ ಟೆಸ್ಟು ವರ್ಷಕ್ಕೊಂದ್ಸಲ ಮಾಡೋದು, ಟ್ರೈನಿಂಗ್ ಎರಡ್ ವರ್ಷಕ್ಕೆ. ನಮ್ ಟ್ರೂಪಲ್ಲಿ ಎರಡನ್ನೂ ಒಂದೇ ಕಾಲಮ್ಮಲ್ಲಿ "ಸ್ವಿಮ್ ಓಕೆ" ಅಂತ ಬರ್ದಿದ್ರು. ಕೋರ್ಸ್ ಮುಗ್ಸಿದೋನು ಈಜ್ತಾನೆ ಅಂತಾನೂ ಅಲ್ಲ, ಈಜೋನು ಕೋರ್ಸ್ ಮುಗ್ಸವ್ನೆ ಅಂತಾನೂ ಅಲ್ಲ.

ಟ್ರೂಪ್_ಅಮ್ಮ · ಮೇ 10

ಮೀನು ಅವ್ರೇ, ಆಫೀಸಲ್ಲಿ ಓದಿ ಜೋರಾಗಿ ನಕ್ಕು ಪಕ್ಕದೋರು ತಿರುಗಿ ನೋಡಿದ್ರು :)

ಎರಡು ಹಾಳೆ ಮಾಡಿದೆ. ಟಿಕ್ ಇದ್ದಿದ್ದನ್ನೆಲ್ಲ "ಆದದ್ದು" ಹಾಳೆಗೆ ಹಾಕೋಕೆ ಹೋದ್ರೆ ತಾರೀಖಿಲ್ಲ, ಸುಮ್ನೆ ಊಹೆ ಮಾಡಿ ಬರೆಯೋಕೆ ಮನಸ್ಸು ಬರ್ಲಿಲ್ಲ. "ಹಳೇ ಶೀಟಲ್ಲಿ ಟಿಕ್ ಇತ್ತು, ತಾರೀಖು ಗೊತ್ತಿಲ್ಲ" ಅಂತ ಹಾಗೇ ಬರ್ದು ಬೇಕಾದದ್ದಕ್ಕೆ ಲೆಕ್ಕ ಇಲ್ಲ ಅಂತ ಇಟ್ಟೆ. ಸರೀನಾ?

ಇನ್ನೊಂದು ತಲೆನೋವು. 05/06/2023. ಇದು ಮೇ 6ಓ ಜೂನ್ 5ಓ? ಮೇ 6 ಆದ್ರೆ ನಾಲ್ಕು ದಿನದ ಹಿಂದೆ ಮುಗಿದು ಹೋಗಿದೆ. ಜೂನ್ 5 ಆದ್ರೆ ಟ್ರಿಪ್ಪಿನ ದಿನಕ್ಕೆ ಇನ್ನೂ ಹನ್ನೆರಡು ದಿನ ಉಳಿದಿರುತ್ತೆ. ನಮ್ಮ ಟ್ರೂಪಲ್ಲಿ ಅರ್ಧ ಜನ ಇಂಡಿಯನ್ಸು, ಯಾರು ಯಾವ ಥರ ಬರೀತಾರೋ ದೇವ್ರೇ ಬಲ್ಲ. ಲೀಡ್ ಅಪ್ಪನ್ನ ಕೇಳಿದ್ರೆ "ಬೇಸಿಗೆ ಶುರು ಇತ್ತು" ಅಂತಾರೆ.

ಧಾರವಾಡ_ಡೇಟಾ · ಮೇ 10

ಗೊತ್ತಿಲ್ಲ ಅಂತ ಬರದದ್ದು ಭಾಳ ಛಲೋ ಮಾಡಿದ್ರಿ. ತಾರೀಖಿಗೆ ಒಂದ ಮದ್ದು, ತಿಂಗಳ ಹೆಸರು ಅಕ್ಷರದಾಗ ಬರಿಯೂದು. 6 ಮೇ 2023. ಇಷ್ಟು ಬರದ್ರ ಅಮೆರಿಕಾದವಂಗೂ ತಿಳೀತೈತಿ, ಹುಬ್ಬಳ್ಳಿಯಾಂವಗೂ ತಿಳೀತೈತಿ. ಸುಳಿವು ಬೇಕಂದ್ರ ಕ್ಯಾಲೆಂಡರ್ ತಗೀರಿ: 2023ರ ಮೇ 6 ಶನಿವಾರ, ಜೂನ್ 5 ಸೋಮವಾರ.

ಹಳೇ_ಕ್ಯಾಂಪರ್ · ಮೇ 10

ಊಹೆ ಯಾಕೆ, ಟ್ರೈನಿಂಗ್ ಚೇರ್ ಅಂತ ನಿಮ್ಮನ್ನ ರಿಜಿಸ್ಟರ್ ಮಾಡಿದ್ರೆ ಮೈ ಸ್ಕೌಟಿಂಗ್ ವೆಬ್‌ಸೈಟಲ್ಲಿ ಟ್ರೈನಿಂಗ್ ಮ್ಯಾನೇಜರ್ (ಯಾರು ಯಾವ ಕೋರ್ಸ್ ಯಾವಾಗ ಮುಗಿಸಿದ್ರು ಅನ್ನೋ ದಾಖಲೆ) ತೆರೆಯುತ್ತೆ, ಅಲ್ಲಿ ನೋಡಿ. ಆದ್ರೆ ನೋಡೋ ಮುಂಚೆ ಎರಡು ವಿಷ್ಯ ತಲೇಲಿಟ್ಕೊಳ್ಳಿ, ಎರಡೂ ನಮ್ಮ ಟ್ರೂಪಲ್ಲಿ ನಾವೇ ಮಾಡ್ಕೊಂಡ ಎಡವಟ್ಟು.

ಒಂದು, ಎರಡೆರಡು ಮೆಂಬರ್ ನಂಬರ್. ಒಬ್ಬ ಅಪ್ಪಂಗೆ ಮಗ ಕಬ್ ಪ್ಯಾಕಲ್ಲಿದ್ದಾಗ (ಸಣ್ಣ ಮಕ್ಕಳ ಸ್ಕೌಟ್ ಗುಂಪು) ಒಂದು ನಂಬರ್, ಊರು ಬದಲಾಯ್ಸಿ ಹೊಸ ಕೌನ್ಸಿಲ್ಲಿಗೆ ಬಂದಾಗ ಹೊಸ ಫಾರ್ಮ್ ತುಂಬಿ ಇನ್ನೊಂದು ನಂಬರ್. ಕೋರ್ಸ್ ಮಾಡಿದ್ದು ಹಳೇ ಲಾಗಿನ್ನಲ್ಲಿ, ಟ್ರೂಪ್ ನೋಡ್ತಿರೋದು ಹೊಸ ನಂಬರಲ್ಲಿ, "ಇವ್ರು ಏನೂ ಮಾಡಿಲ್ಲ" ಅಂತ ತೋರ್ಸುತ್ತೆ. ಪಾಪ ಮನುಷ್ಯ ಮೂರು ಸಲ ಅದೇ ಕೋರ್ಸ್ ಮಾಡಿದ. ಎರಡನ್ನೂ ಪ್ರೊಫೈಲಲ್ಲಿ ಜೋಡಿಸ್ಬೇಕು, ಆಗ್ಲಿಲ್ಲ ಅಂದ್ರೆ ಕೌನ್ಸಿಲ್ ರಿಜಿಸ್ಟ್ರಾರ್‌ಗೆ ಹೇಳ್ಬೇಕು.

ಎರಡು, ಪ್ರೊಜೆಕ್ಟರ್ ಟ್ರೈನಿಂಗ್. ಒಬ್ಬ ಲಾಗಿನ್ ಆಗಿ ಗೋಡೆ ಮೇಲೆ ಕೋರ್ಸ್ ಹಾಕ್ತಾನೆ, ಹನ್ನೊಂದು ಜನ ಪಿಜ್ಜಾ ತಿಂತಾ ನೋಡ್ತಾರೆ, ಎಲ್ರೂ ಮುಗಿಸಿದ್ವಿ ಅಂತ ಮನೆಗೆ ಹೋಗ್ತಾರೆ. ದಾಖಲಾಗೋದು ಲಾಗಿನ್ ಆದ ಒಬ್ಬನಿಗೆ ಮಾತ್ರ. ಬಾಕಿಯೋರಿಗೆ ಹಾಜರಾತಿ ಪಟ್ಟಿ, ಕೋರ್ಸ್ ಕೋಡ್, ನಂಬರ್ ಸಮೇತ ಯಾರಾದ್ರೂ ಕೂತು ಹಾಕ್ಬೇಕು.

ಆಮೇಲೆ ಸಂಸ್ಥೆಯ ಹೆಸರೇ ಈ ಫೆಬ್ರವರಿ 8ಕ್ಕೆ ಬಾಯ್ ಸ್ಕೌಟ್ಸ್ ಆಫ್ ಅಮೆರಿಕದಿಂದ ಸ್ಕೌಟಿಂಗ್ ಅಮೆರಿಕ ಅಂತಾಗಿದೆ. ಹಳೇ ಸರ್ಟಿಫಿಕೇಟಲ್ಲಿ ಹಳೇ ಹೆಸರಿದ್ರೆ ಅದನ್ನ "ಸರಿ" ಮಾಡೋಕೆ ಹೋಗ್ಬೇಡಿ. ಇದ್ದಂಗೇ ಬರೀರಿ.

ಬೇ_ಏರಿಯಾ_ಬಸು · ಮೇ 11

ಎಲ್ರಿಗೂ ಗೌರವ ಇಟ್ಕೊಂಡೇ ಹೇಳ್ತೀನಿ, ಇದು ಅತಿ ಆಯ್ತು. ನಾವು ವಾರಪೂರ್ತಿ ಆಫೀಸಲ್ಲಿ ಆಡಿಟ್ಟು ಕಂಪ್ಲೈಯನ್ಸು ಅಂತ ಸತ್ತು ಶನಿವಾರ ಮಕ್ಕಳ ಜೊತೆ ಹೊರಗೆ ಹೋಗೋಣ ಅಂದ್ರೆ ಇಲ್ಲೂ ಅದೇ. ಎರಡು ಹಾಳೆ, ಏಳು ಕಾಲಂ, ಕಾರ್ಡಿನ ಫೋಟೋ. ನಮ್ಮ ಟ್ರೂಪಲ್ಲಿ ಒಬ್ರು ಒಳ್ಳೇ ಕಯಾಕ್ ಮಾಡೋ ಅಪ್ಪ ಇದ್ರು, ಈ ಕಾಗದಕ್ಕೆ ಬೇಜಾರಾಗಿ ಬರೋದೇ ನಿಲ್ಸಿದ್ರು. ರೂಲ್ ಬದಲಾದಾಗ್ಲೆಲ್ಲ ಹಳೇದು ಲೆಕ್ಕಕ್ಕಿಲ್ಲ ಅಂದ್ರೆ ಯಾರು ಬರ್ತಾರೆ? ನೀರು ಗೊತ್ತಿರೋ ಮನುಷ್ಯ ಮುಖ್ಯನೋ ಟಿಕ್ ಮುಖ್ಯನೋ?

ಕುಂದಾಪ್ರ_ನರ್ಸ್ · ಮೇ 11

ಬಸು ಅವ್ರೇ, ನಿಮ್ಮ ಸಿಟ್ಟು ಅರ್ಥ ಆಗ್ತದೆ. ಆದ್ರೆ ಆ ಅಪ್ಪನಿಗೆ ಬೇಜಾರಾದದ್ದು ಬಹುಶಃ ಮೂರು ಸಲ ಅದೇ ಮಾಹಿತಿ ಕೇಳಿದ್ದಕ್ಕೆ. ಒಂದ್ಸಲ ಸರಿ ಬರ್ದಿಟ್ರೆ ಮತ್ತೆ ಕೇಳುದೇ ಬೇಡ ಅಲ್ವಾ. ನೀರು ಗೊತ್ತಿದ್ದವರ ಬಗ್ಗೆ ಹೇಳ್ತೇನೆ, ನಮ್ಮ ಊರಲ್ಲಿ ಸಮುದ್ರದಲ್ಲೇ ಹುಟ್ಟಿ ಬೆಳೆದವ್ರೂ ಮಳೆಗಾಲಕ್ಕೆ ದೋಣಿ ದಡಕ್ಕೆ ಎಳೀತಾರೆ. ನೀರು ಗೊತ್ತಿದ್ದಕ್ಕೇ ಎಳೆಯುದು.

ಬೇ_ಏರಿಯಾ_ಬಸು · ಮೇ 11

ಮಾತು ಚೆನ್ನಾಗಿದೆ ಮೇಡಂ, ಆದ್ರೆ ಏಳು ಕಾಲಂ ಇನ್ನೂ ಏಳು ಕಾಲಮ್ಮೇ :) ನಾನು ಐದು ಇಡ್ತೀನಿ.

ಮಂಡ್ಯದ_ಮೀನು · ಮೇ 11

ಐದ್ರಲ್ಲಿ ತಾರೀಖ್ ಇರ್ಲಿ ಬಸಣ್ಣ, ಮಿಕ್ಕಿದ್ ನಿನ್ನಿಷ್ಟ.

ಹಳೇ_ಕ್ಯಾಂಪರ್ · ಮೇ 12

ಮರೆಯೋ ಮುಂಚೆ. ಕಾರ್ಡಿನ ಫೋಟೋ ಇಡಿ, ಆದ್ರೆ ಆರೋಗ್ಯದ ಫಾರ್ಮ್‌ನ ಆ ಶೀಟ್ ಹತ್ರಾನೂ ತರ್ಬೇಡಿ. ಅದು ಟ್ರೂಪಿನೋರು ಸ್ಕ್ಯಾನ್ ಮಾಡಿ ಇಡಬಾರ್ದು, ಇಮೇಲ್ ಮಾಡಬಾರ್ದು ಅಂತಾನೇ ಇದೆ. ಕಾಗದದಲ್ಲೇ, ಬೈಂಡರಲ್ಲಿ, ಟ್ರಿಪ್ಪಿಗೆ ಹೋಗೋರ ಕೈಲಿ. ಯಾರಿಗೆ ಆಸ್ತಮಾ ಅನ್ನೋದು ನಲವತ್ತು ಜನ ಅಪ್ಪ ಅಮ್ಮಂದಿರ ಲಿಂಕಲ್ಲಿ ಓಡಾಡೋದು ಬೇಡ.

ಟ್ರೂಪ್_ಅಮ್ಮ · ಮೇ 18

ಅಪ್‌ಡೇಟ್. ಟ್ರೈನಿಂಗ್ ಮ್ಯಾನೇಜರ್ ತೆಗೆದು ನೋಡ್ದೆ. ಮೇ 6. ಶನಿವಾರ. ಮುಗಿದು ಹೋಗಿತ್ತು.

ಲೀಡ್ ಅಪ್ಪಂಗೆ ಫೋನ್ ಮಾಡಿದೆ, ಅವತ್ತು ರಾತ್ರೀನೇ ಅವರೂ, ಇನ್ನಿಬ್ರೂ, ನಾನೂ ಬೇರೆ ಬೇರೆ ಲಾಗಿನ್ನಲ್ಲಿ (ಪ್ರೊಜೆಕ್ಟರ್ ಪಾಠ ಕಲ್ತಿದೀನಿ) ಸೇಫ್ಟಿ ಅಫ್ಲೋಟ್ ಮುಗಿಸಿದ್ವಿ. ಸಿಪಿಆರ್‌ಗೆ ನಿನ್ನೆ ಹತ್ತಿರದ ಫೈರ್‌ಹೌಸಲ್ಲಿ ಕ್ಲಾಸ್ ಸಿಕ್ತು, ಮೂರು ಜನ ಹೋಗಿದ್ವಿ. ನರ್ಸ್ ಅವ್ರೇ, ನೀವು ಹೇಳಿದ್ದು ನಿಜ, ಮೊದಲ್ನೇ ಸಲ ಊದಿದಾಗ ನನ್ನ ಬೊಂಬೆ ಎದೆ ಅಲ್ಲಾಡ್ಲೇ ಇಲ್ಲ, ಗಾಳಿ ಎಲ್ಲಾ ನನ್ನ ಕೆನ್ನೆಯಿಂದಲೇ ಹೊರಗೆ ಹೋಯ್ತು. ಟೀಚರ್ ಗದ್ದ ಎತ್ತು ಎತ್ತು ಅಂತಿದ್ರು. ನಾಲ್ಕನೇ ಸಲಕ್ಕೆ ಎದ್ದಿತು. ಮಂಡಿ ಇವತ್ತೂ ನೋಯ್ತಿದೆ.

ಹಾಳೇಲಿ ಈಗ ಲೀಡ್ ಅಪ್ಪನ ಎರಡು ಸಾಲಿದೆ, 6 ಮೇ 2023 ಮತ್ತೆ 15 ಮೇ 2025. "ಬೇಕಾದದ್ದು" ಹಾಳೇಲಿ ಸಿಪಿಆರ್‌ಗೆ ಎರಡು ಸಾಲಿದೆ, ಹಳೇದಕ್ಕೆ "ಇಲ್ಲಿವರೆಗೆ" ಅಂತ ತಾರೀಖು ಹಾಕಿ ಬಿಟ್ಟಿದೀನಿ.

ಇನ್ನೊಂದು. ಆ 05/06 ಯಾರು ಬರ್ದಿದ್ದು ಅಂತ ಕೋಪದಲ್ಲಿ ಶೀಟಿನ ವರ್ಷನ್ ಹಿಸ್ಟರಿ ತೆಗೆದೆ, ಬೈಯೋಣ ಅಂತಾನೇ. ನಾನೇ! 2023ರಲ್ಲಿ ಕಮಿಟಿಗೆ ಸೇರಿದ ಹೊಸ್ದರಲ್ಲಿ "ಸ್ವಲ್ಪ ಟೈಪ್ ಮಾಡ್ಕೊಡಿ" ಅಂದಿದ್ರಂತೆ, ರಾತ್ರಿ ಹನ್ನೊಂದು ನಲವತ್ತಕ್ಕೆ ಟೈಪ್ ಮಾಡಿದೀನಿ. ಅಮೆರಿಕಾ ಸ್ಟೈಲಲ್ಲಿ ಬೇರೆ ಬರ್ದಿದೀನಿ, ಅದೂ ಮರೆತೋಗಿತ್ತು.

ಧಾರವಾಡ_ಡೇಟಾ · ಮೇ 18

ಹ್ಹಹ್ಹ! ಅಕ್ಕಾರ, ಇದಕ್ಕ ರಿಜಿಸ್ಟರ್ ಸುಡಬಾರ್ದು ಅನ್ನೂದು. ಅದರಾಗ ನಾವ ಸಿಗತೇವಿ.

ಮಂಡ್ಯದ_ಮೀನು · ಮೇ 26

ಏನಾಯ್ತು ಅಕ್ಕಾ ಟ್ರಿಪ್ಪು? ಎಲ್ರೂ ವಾಪಸ್ ಬಂದ್ರಾ?

ಟ್ರೂಪ್_ಅಮ್ಮ · ಮೇ 27

ಬಂದ್ವಿ, ಎಲ್ಲಾ ಇಪ್ಪತ್ತು ಜನ. ನೀರು ಇನ್ನೂ ಕೊರೀತಾ ಇತ್ತು, ಒಂದು ಕನೂ ತಿರುವಿನ ಹತ್ರ ಮಗುಚಿತು, ಇಬ್ರು ಹುಡುಗ್ರು ಲೈಫ್ ಜಾಕೆಟ್ಟಲ್ಲಿ ತೇಲ್ಕೊಂಡು ನಗ್ತಾ ಇದ್ರು, ಲೀಡ್ ಅಪ್ಪ ತಮ್ಮ ಕನೂ ಅಡ್ಡ ಹಿಡಿದು ನೀರು ಸುರಿದು ತಿರುಗ್ಸಿ ಕೊಟ್ರು. ಹೋಗಿದ್ದು ಒಂದು ಶೂ, ಒಂದು ಡಬ್ಬಿ ಚಿತ್ರಾನ್ನ. ಚಿತ್ರಾನ್ನ ನಂದೇ.

ಮೀನು ಅವ್ರೇ, ನೀವು ಅಂಗಾತ ಈಜು ಪಾಸಾದ್ರಾ ಇಲ್ವಾ ಅಂತ ಹೇಳ್ಲೇ ಇಲ್ಲ.

ಮಂಡ್ಯದ_ಮೀನು · ಮೇ 27

ಜೂನ್ 14ಕ್ಕೆ ಮತ್ತೆ ಟೆಸ್ಟ್ ಇಟ್ಟವ್ರೆ. ವೈಎಂಸಿಎ ಪೂಲಲ್ಲಿ ದಿನಾ ಸಂಜೆ ಮಗ ನನ್ ಬೆನ್ ಕೆಳಗೆ ಕೈ ಇಟ್ಕಂಡು ನಿಂತಿರ್ತಾನೆ. ನಿನ್ನೆ ಕೈ ತೆಗ್ದಿದ್ನಂತೆ, ನಂಗೆ ಗೊತ್ತೇ ಆಗ್ಲಿಲ್ಲ.